ಕುತ್ತಿಗೆಯ ಸ್ನಾಯುಗಂಟಿಗೆ ಫಿಸಿಯೋಥೆರಪಿ: ಮೊದಲ ಭೇಟಿಯಿಂದ ಮನೆಯ ವ್ಯಾಯಾಮದವರೆಗೆ

ಕುತ್ತಿಗೆ ನೋವೆಂದು ಫಿಸಿಯೋಥೆರಪಿಗೆ ಬರುವವರಲ್ಲಿ ಬಹಳ ಮಂದಿ ಕೈಯಲ್ಲೊಂದು ಎಕ್ಸ್‌ರೇ ಕವರ್ ಹಿಡಿದೇ ಬರುತ್ತಾರೆ. ಕುರ್ಚಿಯಲ್ಲಿ ಕೂರುವ ಮೊದಲೇ ‘ನನಗೆ ಸ್ಪಾಂಡಿಲೈಟಿಸ್ ಸಾರ್, ಮೂಳೆ ಸವೆದಿದೆಯಂತೆ’ ಎಂದು ತೀರ್ಪನ್ನೂ ಹೇಳಿಬಿಡುತ್ತಾರೆ. ನಲವತ್ತು ದಾಟಿದವರ ಕುತ್ತಿಗೆಯ ಎಕ್ಸ್‌ರೇಯಲ್ಲಿ ಒಂದಿಷ್ಟು ಸವೆತ ಕಾಣುವುದು ತಲೆಯಲ್ಲಿ ನರೆ ಕಾಣುವಷ್ಟೇ ಸಹಜವಾದದ್ದು; ನೋವೇ ಇಲ್ಲದವರಲ್ಲೂ ಅದು ಕಾಣಸಿಗುತ್ತದೆ. ಇಂಥವರ ಹೆಗಲ ಮೇಲೆ ಬೆರಳಿಟ್ಟು ನಿಧಾನವಾಗಿ ತಡವಿದರೆ ಎಷ್ಟೋ ಸಲ ಚರ್ಮದ ಕೆಳಗೆ ಬಿಗಿದ ಹುರಿಯಂಥ ಒಂದು ಪಟ್ಟಿಯೂ, ಅದರ ನಡುವೆ ಕಡಲೆಕಾಳಿನಷ್ಟು ಗಾತ್ರದ ಗಂಟೊಂದೂ ಸಿಗುತ್ತವೆ. ಅದನ್ನು ಒತ್ತಿದ ಕೂಡಲೇ ‘ಹಾಂ, ಅದೇ ನೋವು’ ಎಂಬ ಉದ್ಗಾರ ಬರುತ್ತದೆ. ಸ್ನಾಯುವಿನ ಈ ಗಂಟನ್ನೇ ಟ್ರಿಗರ್ ಪಾಯಿಂಟ್ ಎನ್ನುತ್ತಾರೆ.

ಈ ಬಗೆಯ ನೋವಿಗೆ ಬೆಂಗಳೂರಿನಲ್ಲಿ ಚಿಕಿತ್ಸೆಗೆ ಕೊರತೆಯಿಲ್ಲ, ಕೊರತೆಯಿರುವುದು ಕ್ರಮಕ್ಕೆ. ಮೇಜಿನ ಮೇಲೆ ಮಲಗಿ ಪಡೆಯುವ ಒತ್ತು, ಸೂಜಿ, ಶಾಖ ಇವೆಲ್ಲ ನೋವನ್ನು ತಗ್ಗಿಸಿ ಕೆಲವು ಗಂಟೆಗಳ ಅಥವಾ ಕೆಲವು ದಿನಗಳ ಬಿಡುವನ್ನು ಕೊಡುತ್ತವೆ. ಆ ಬಿಡುವಿನಲ್ಲಿ ಸ್ನಾಯುವಿನಿಂದ ಏನು ಮಾಡಿಸುತ್ತೇವೆ ಎಂಬುದರ ಮೇಲೆ ಮುಂದಿನದ್ದೆಲ್ಲ ನಿಂತಿದೆ. ಹಾಗಾಗಿ ಯಾವ ಹೆಜ್ಜೆಯಾದ ಮೇಲೆ ಯಾವುದು, ಎಷ್ಟು ಹೊತ್ತು, ಯಾವಾಗ ನಿಲ್ಲಿಸಬೇಕು ಎಂಬುದನ್ನು ಚಿಕಿತ್ಸೆ ಕೊಡುವವರಷ್ಟೇ ಪಡೆಯುವವರೂ ತಿಳಿದಿರುವುದು ಒಳ್ಳೆಯದು.

ಮೊದಲು, ಇದು ಸ್ನಾಯುವಿನ ನೋವು ಹೌದೇ ಎಂದು ನೋಡಿಕೊಳ್ಳಿ

ಬಿದ್ದು ಅಥವಾ ವಾಹನಕ್ಕೆ ಸಿಕ್ಕಿ ಪೆಟ್ಟಾದ ಮೇಲೆ ಶುರುವಾದ ನೋವು, ಜ್ವರದೊಂದಿಗೆ ಕತ್ತು ಬಗ್ಗಿಸಲಾಗದಂತೆ ಸೆಟೆದುಕೊಂಡಿರುವುದು, ಕೈಯ ಹಿಡಿತ ಸಡಿಲವಾಗಿ ಲೋಟ ಜಾರುವುದು ಅಥವಾ ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸುವುದು, ನಡೆಯುವಾಗ ಕಾಲು ತೊಡರುವುದು, ಮೂತ್ರದ ಮೇಲೆ ಹತೋಟಿ ತಪ್ಪುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿರುವುದು, ಯಾವ ಭಂಗಿಯಲ್ಲಿ ಮಲಗಿದರೂ ರಾತ್ರಿಯಿಡೀ ಕಾಡುವ ನೋವು: ಇವುಗಳಲ್ಲಿ ಒಂದಿದ್ದರೂ ಫಿಸಿಯೋಥೆರಪಿಗಿಂತ ಮೊದಲು ವೈದ್ಯರನ್ನು ಕಾಣಬೇಕು. ಕುತ್ತಿಗೆ ನೋವಿನ ಜೊತೆಗೆ ದಿಢೀರನೆ ಮಾತು ತೊದಲಿದರೆ, ಕಣ್ಣಿಗೆ ಎರಡೆರಡು ಕಂಡರೆ, ಹಿಂದೆಂದೂ ಕಾಣದಂಥ ತಲೆನೋವು ಎರಗಿದರೆ ಅದು ರಕ್ತನಾಳದ ತೊಂದರೆಯಾಗಿರಬಹುದು. ಎದೆ ಬಿಗಿದು ದವಡೆಗೋ ಎಡಗೈಗೋ ನೋವು ಹರಡಿ ಬೆವರಿದರೆ ಅದು ಹೃದಯದ್ದಾಗಿರಬಹುದು. ಇಂಥ ಹೊತ್ತಿನಲ್ಲಿ ಬಿಸಿನೀರಿನ ಚೀಲ ಹುಡುಕುತ್ತ ಕೂರದೆ ನೇರವಾಗಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕು.

ಸ್ನಾಯುಗಂಟಿನ ನೋವಿನ ಸ್ವಭಾವ ಬೇರೆ. ಅದು ಮಂದವಾಗಿ, ಆಳದಲ್ಲಿ ಸೆಳೆಯುವಂತಿರುತ್ತದೆ. ಒಂದೇ ಭಂಗಿಯಲ್ಲಿ ಕೂತಷ್ಟೂ ಏರುತ್ತದೆ, ಎದ್ದು ಓಡಾಡಿದರೆ ಒಂದಿಷ್ಟು ಇಳಿಯುತ್ತದೆ. ಬೆರಳುಗಳಲ್ಲಿ ಗೆರೆ ಎಳೆದಷ್ಟು ಸ್ಪಷ್ಟವಾಗಿ ಜುಮುಗುಟ್ಟುವಿಕೆ ಅಥವಾ ಮರಗಟ್ಟುವಿಕೆ ಇದ್ದರೆ ನರದ ಬೇರು ಒತ್ತಿಹೋಗಿರುವ ಸಾಧ್ಯತೆಯಿರುವುದರಿಂದ ಅದನ್ನು ಮೊದಲ ಭೇಟಿಯಲ್ಲೇ ಹೇಳಬೇಕು.

ಗಂಟು ಒಂದು ಕಡೆ, ನೋವು ಇನ್ನೊಂದು ಕಡೆ

ಗಾಂಧಿ ಬಜಾರಿನಲ್ಲಿ ಹೂ ಕಟ್ಟಿ ಮಾರುವ ಒಬ್ಬ ಮಹಿಳೆ ತಲೆನೋವಿಗೆ ಮಾತ್ರೆ ನುಂಗಿ ನುಂಗಿ ಬೇಸತ್ತು ನನ್ನಲ್ಲಿಗೆ ಬಂದಿದ್ದರು. ಬಲಗಡೆಯ ಕಣತಲೆಯಲ್ಲಿ ನೋವು, ಸಂಜೆಯಾದಂತೆ ಹೆಚ್ಚು. ಕನ್ನಡಕ ಬದಲಿಸಿಯಾಗಿತ್ತು, ಪಿತ್ತವೆಂದು ಕಷಾಯ ಕುಡಿದೂ ಆಗಿತ್ತು. ಹೇಗೆ ಕೂತು ಹೂ ಕಟ್ಟುತ್ತೀರಿ, ತೋರಿಸಿ ಅಮ್ಮಾ ಎಂದಾಗ ಅವರು ಕಾಲು ಮಡಿಸಿ ನೆಲದ ಮೇಲೆ ಕೂತು, ತಲೆ ತಗ್ಗಿಸಿ, ಬಾಳೆನಾರನ್ನು ಬೆರಳಿಗೆ ಸುತ್ತಿ ಎಳೆಯುವ ಅಭಿನಯ ಮಾಡಿದರು. ಪ್ರತಿ ಎಳೆತಕ್ಕೂ ಬಲಭುಜ ಕಿವಿಯತ್ತ ಒಂದು ಅಂಗುಲ ಏರುತ್ತಿತ್ತು. ಒಂದು ಮೊಳಕ್ಕೆ ಎಷ್ಟು ಗಂಟು, ದಿನಕ್ಕೆ ಎಷ್ಟು ಮೊಳ ಎಂದು ಲೆಕ್ಕ ಹಾಕಿದರೆ ಆ ಭುಜ ಏರಿಳಿದದ್ದರ ಅಂದಾಜು ಸಿಗುತ್ತದೆ. ಕತ್ತಿಗೂ ಭುಜಕ್ಕೂ ನಡುವಿನ ದಪ್ಪ ಸ್ನಾಯುವನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಹಿಸುಕಿದೆ. ಏಳೆಂಟು ಸೆಕೆಂಡಿನಲ್ಲಿ ಅವರ ಕೈ ತಾನಾಗಿಯೇ ಕಣತಲೆಗೆ ಹೋಯಿತು: ‘ಇಲ್ಲಿಗೇ ಬಂತು ಡಾಕ್ಟ್ರೇ, ಅದೇ ನೋವು.’

ಹೀಗೆ ದೂರಕ್ಕೆ ಹರಡುವುದೇ ಟ್ರಿಗರ್ ಪಾಯಿಂಟಿನ ಗುರುತು. ಪ್ರತಿಯೊಂದು ಸ್ನಾಯುವಿಗೂ ತನ್ನದೇ ದಾರಿಯಿದೆ. ಹೆಗಲಿನ ಮೇಲ್ಭಾಗದ ಟ್ರೆಪೀಜಿಯಸ್ ಸ್ನಾಯುವಿನ ಗಂಟು ಕತ್ತಿನ ಪಕ್ಕದಿಂದ ಏರಿ ಕಿವಿಯ ಹಿಂದೆ ಸುತ್ತಿ ಕಣತಲೆ ಮುಟ್ಟುತ್ತದೆ. ಬೆನ್ನಿನ ರೆಕ್ಕೆ ಮೂಳೆಯ ಮೇಲ್ಮೂಲೆಯಿಂದ ಕತ್ತಿಗೆ ಹತ್ತುವ ಲೆವೇಟರ್ ಸ್ಕ್ಯಾಪುಲೆ ಬಿಗಿದರೆ ಬೆಳಿಗ್ಗೆ ಏಳುವಾಗ ಕತ್ತು ಹಿಡಿದುಕೊಂಡಿರುತ್ತದೆ, ಪಕ್ಕಕ್ಕೆ ನೋಡಬೇಕಾದರೆ ಇಡೀ ಮೈಯನ್ನೇ ತಿರುಗಿಸಬೇಕಾಗುತ್ತದೆ. ತಲೆಬುರುಡೆಯ ಬುಡದಲ್ಲಿರುವ ಪುಟ್ಟ ಸ್ನಾಯುಗಳ ಗಂಟಿನಿಂದ ಹಿಂದಲೆಯಿಂದ ಕಣ್ಣಿನವರೆಗೆ ಪಟ್ಟಿ ಕಟ್ಟಿದಂತಾಗುತ್ತದೆ. ಕತ್ತಿನ ಮುಂಭಾಗದಲ್ಲಿ ಕಿವಿಯ ಹಿಂದಿನಿಂದ ಎದೆಮೂಳೆಗೆ ಇಳಿಯುವ ಸ್ಟರ್ನೋಕ್ಲೈಡೋಮಾಸ್ಟಾಯ್ಡ್ ಹಣೆಗೂ ಕಿವಿಗೂ ನೋವು ಕಳಿಸುವುದಲ್ಲದೆ ತಲೆ ಸುತ್ತಿದಂತೆಯೂ ಮಾಡುತ್ತದೆ. ಕತ್ತಿನ ಪಕ್ಕದ ಸ್ಕೇಲೀನ್ ಸ್ನಾಯುಗಳಂತೂ ತೋಳಿನುದ್ದಕ್ಕೂ ಹೆಬ್ಬೆರಳಿನವರೆಗೆ ಸೆಳೆದು ನರದ ನೋವೆಂದೇ ನಂಬಿಸಿಬಿಡುತ್ತವೆ. ಆದುದರಿಂದ ನೋವಿರುವ ಜಾಗವನ್ನಷ್ಟೇ ಉಜ್ಜಿ ಕಳಿಸುವ ಚಿಕಿತ್ಸೆ ಅರ್ಧ ಚಿಕಿತ್ಸೆ.

ಈ ನಕ್ಷೆಗಳನ್ನು ಶ್ರದ್ಧೆಯಿಂದ ಬಿಡಿಸಿದವರಲ್ಲಿ ಮುಖ್ಯರು ಅಮೆರಿಕದ ವೈದ್ಯೆ ಜಾನೆಟ್ ಟ್ರಾವೆಲ್, ಜಾನ್ ಎಫ್. ಕೆನಡಿಯವರ ಬೆನ್ನುನೋವಿಗೆ ಚಿಕಿತ್ಸೆ ನೀಡಿ 1961ರಲ್ಲಿ ಶ್ವೇತಭವನದ ವೈದ್ಯೆಯಾದವರು ಅವರೇ. ಗಂಟು ಕಟ್ಟುವುದು ಏಕೆ ಎಂಬ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ವಾದವಿದೆ. ಹೆಚ್ಚು ಪ್ರಚಲಿತವಾಗಿರುವ ವಿವರಣೆಯ ಪ್ರಕಾರ, ನರವು ಸ್ನಾಯುವನ್ನು ಕೂಡುವಲ್ಲಿ ಸ್ನಾಯುವಿಗೆ ಮುದುಡಲು ಸಂದೇಶ ಕೊಡುವ ಅಸಿಟೈಲ್‌ಕೋಲೀನ್ ಎಂಬ ರಾಸಾಯನಿಕ ಅತಿಯಾಗಿ ಸ್ರವಿಸಿ ಕೆಲವು ನಾರುಗಳು ಮುದುಡಿಯೇ ಉಳಿಯುತ್ತವೆ. ಮುದುಡಿದ ನಾರು ತನ್ನ ರಕ್ತನಾಳವನ್ನು ತಾನೇ ಹಿಸುಕುತ್ತದೆ, ರಕ್ತ ಸಾಲದ ನಾರಿಗೆ ಸಡಿಲಗೊಳ್ಳುವ ಶಕ್ತಿಯೂ ಸಾಲದಾಗುತ್ತದೆ. ಇದರ ಜೊತೆಗೆ 1991ರಲ್ಲಿ ಸ್ವೀಡನ್ನಿನಿಂದ ಬಂದ ಇನ್ನೊಂದು ವಿಚಾರವೂ ನನಗೆ ಒಪ್ಪಿಗೆಯಾಗುತ್ತದೆ. ಕೈಯೆತ್ತಿ ಟೈಪ್ ಮಾಡುವಂಥ ಹಗುರ ಕೆಲಸದಲ್ಲಿ ಸ್ನಾಯುವಿನ ಅವೇ ಕೆಲವು ಸಣ್ಣ ನಾರುಗಳು ಮೊದಲು ದುಡಿಯಲು ಶುರುಮಾಡಿ ಎಲ್ಲಕ್ಕಿಂತ ಕೊನೆಯಲ್ಲಿ ವಿಶ್ರಮಿಸುತ್ತವೆ, ತುಂಬಿದ ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ಎಲ್ಲರೂ ಮಲಗಿದ ಮೇಲೆ ಮಲಗುವ ಸೊಸೆಯ ಹಾಗೆ. ಭಾರ ಎತ್ತದವರಿಗೂ ಹೆಗಲು ಏಕೆ ನೋಯುತ್ತದೆ ಎಂಬ ಪ್ರಶ್ನೆಗೆ ಇದು ಒಳ್ಳೆಯ ಉತ್ತರ.

ಯಾರ ಬಳಿ ಹೋಗಬೇಕು, ಮೊದಲ ದಿನ ಏನಾಗಬೇಕು

ಮಸಾಜ್ ಪಾರ್ಲರಿಗೂ ಫಿಸಿಯೋಥೆರಪಿಗೂ ವ್ಯತ್ಯಾಸವಿದೆ. ಚಿಕಿತ್ಸಕರು ಬಿಪಿಟಿ ಅಥವಾ ಎಂಪಿಟಿ (ಫಿಸಿಯೋಥೆರಪಿಯ ಪದವಿ ಅಥವಾ ಸ್ನಾತಕೋತ್ತರ ಪದವಿ) ಓದಿದವರೇ ಎಂದು ವಿಚಾರಿಸುವುದರಲ್ಲಿ ಸಂಕೋಚ ಬೇಡ. ಖಾಸಗಿ ಕೇಂದ್ರವಾದರೆ ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿಯ ಫಲಕವನ್ನೂ ನೋಡಿ. ಖರ್ಚಿನ ಚಿಂತೆಯಿರುವವರಿಗೆ ವಿಕ್ಟೋರಿಯಾ ಆಸ್ಪತ್ರೆ, ಜಯನಗರದ ಸಂಜಯ್ ಗಾಂಧಿ ಆಸ್ಪತ್ರೆಯಂಥ ಸರ್ಕಾರಿ ಸಂಸ್ಥೆಗಳ ಫಿಸಿಯೋಥೆರಪಿ ವಿಭಾಗಗಳಿವೆ. ಕಾಯಬೇಕಾಗುತ್ತದೆ, ಆದರೆ ಅಲ್ಲಿ ನೋಡುವ ಕೈಗಳು ಪಳಗಿದ ಕೈಗಳು.

ಮೊದಲ ಭೇಟಿಯಲ್ಲಿ ಚಿಕಿತ್ಸಕರು ನಿಮ್ಮ ಕೆಲಸ, ಪ್ರಯಾಣ, ದಿಂಬು, ನಿದ್ದೆ ಇವುಗಳ ಬಗ್ಗೆ ಕೇಳಬೇಕು. ಕತ್ತನ್ನು ಆರೂ ದಿಕ್ಕಿಗೆ ಆಡಿಸಿ ನೋಡಬೇಕು. ತೋಳಿನ ಬಲ, ಸ್ಪರ್ಶ, ಸುತ್ತಿಗೆಯಿಂದ ತಟ್ಟಿದಾಗಿನ ಪ್ರತಿಕ್ರಿಯೆ ಇವುಗಳನ್ನು ಪರೀಕ್ಷಿಸಿ ನರದ ತೊಂದರೆಯಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಆಮೇಲೆ ಬೆರಳಿನಿಂದ ಗಂಟು ಹುಡುಕಬೇಕು. ಇದ್ಯಾವುದೂ ಇಲ್ಲದೆ ಬಂದ ಕೂಡಲೇ ಮಲಗಿಸಿ ಯಂತ್ರದ ಪ್ಯಾಡ್ ಅಂಟಿಸಿ ಪರದೆ ಎಳೆದು ಹೋದರೆ, ಮುಂದಿನ ಸಲಕ್ಕೆ ಬೇರೆ ಕಡೆ ನೋಡಿಕೊಳ್ಳುವುದು ಲೇಸು. ಹತ್ತು ಭೇಟಿಯ ಪ್ಯಾಕೇಜಿನ ಹಣವನ್ನು ಮೊದಲ ದಿನವೇ ಕಟ್ಟುವ ಅವಸರವನ್ನೂ ಮಾಡಬೇಡಿ.

ಒತ್ತಿ ಬಿಡಿಸುವುದು

ಮೊದಲು ಹದಿನೈದು ಇಪ್ಪತ್ತು ನಿಮಿಷ ಬಿಸಿ ಶಾಖ ಕೊಡುವುದು ವಾಡಿಕೆ. ಇದರಿಂದ ಗಂಟು ಕರಗುವುದಿಲ್ಲ, ಆದರೆ ಸ್ನಾಯು ಮುಟ್ಟಿಸಿಕೊಳ್ಳಲು ಒಪ್ಪುತ್ತದೆ. ಆಮೇಲೆ ಚಿಕಿತ್ಸಕರು ಗಂಟಿನ ಮೇಲೆ ಹೆಬ್ಬೆರಳಿಟ್ಟು ಒತ್ತಡವನ್ನು ನಿಧಾನವಾಗಿ ಏರಿಸುತ್ತಾರೆ. ತಡೆಯಲಾಗದ ನೋವನ್ನು ಹತ್ತು ಎಂದಿಟ್ಟುಕೊಂಡರೆ ಆರು, ಹೆಚ್ಚೆಂದರೆ ಏಳಕ್ಕೆ ನಿಲ್ಲಿಸಿ, ಅಲ್ಲೇ 30ರಿಂದ 90 ಸೆಕೆಂಡ್ ಹಿಡಿದಿರಬೇಕು. ಒತ್ತಡ ಅಷ್ಟೇ ಇದ್ದರೂ ನೋವು ತಾನಾಗಿ ಮೂರಕ್ಕೋ ನಾಲ್ಕಕ್ಕೋ ಇಳಿಯುವುದನ್ನೂ, ಬೆರಳಿನ ಕೆಳಗೆ ಏನೋ ಮೆತ್ತಗಾದಂತೆ ಇಬ್ಬರಿಗೂ ಅನುಭವವಾಗುವುದನ್ನೂ ಕಾಯಬೇಕು. ಇದನ್ನು ಮೂರು ನಾಲ್ಕು ಸಲ ಮಾಡಿದರೆ ಸಾಕು. ನೋವಾದಷ್ಟೂ ಗುಣ ಹೆಚ್ಚೆಂಬ ನಂಬಿಕೆ ನಮ್ಮ ಜನರಲ್ಲಿ ಗಟ್ಟಿಯಾಗಿದೆ. ‘ಇನ್ನೂ ಜೋರಾಗಿ ಒತ್ತಿ’ ಎಂದು ಹಲ್ಲು ಕಚ್ಚಿ ಮಲಗುವವರಿದ್ದಾರೆ. ಉಸಿರು ಕಟ್ಟುವಷ್ಟು ನೋವಾದರೆ ಸ್ನಾಯು ಬಿಡುವುದರ ಬದಲು ಇನ್ನಷ್ಟು ಸೆಟೆಯುತ್ತದೆ, ಮಾರನೆಯ ದಿನ ನೀಲಿಗಟ್ಟುತ್ತದೆ.

ಮನೆಯಲ್ಲಿ ಇದನ್ನು ಗಲ್ಲಿ ಕ್ರಿಕೆಟ್ಟಿನ ಟೆನಿಸ್ ಚೆಂಡಿನಿಂದ ಮಾಡಿಕೊಳ್ಳಬಹುದು. ಗೋಡೆಗೆ ಬೆನ್ನು ಕೊಟ್ಟು ನಿಂತು, ಬೆನ್ನೆಲುಬಿಗೂ ರೆಕ್ಕೆ ಮೂಳೆಯ ಮೇಲ್ಮೂಲೆಗೂ ನಡುವೆ ಚೆಂಡಿಟ್ಟು ಒರಗಿ, ನೋವಿನ ಬಿಂದು ಸಿಕ್ಕಲ್ಲಿ ನಿಂತು ನಾಲ್ಕೈದು ದೀರ್ಘ ಉಸಿರು ತೆಗೆದುಕೊಳ್ಳಿ. ಚೆಂಡನ್ನು ನೇರವಾಗಿ ಬೆನ್ನೆಲುಬಿನ ಮೇಲೆ ಇಡಬಾರದು. ಕತ್ತಿನ ಮುಂಭಾಗ ಮತ್ತು ಪಕ್ಕಗಳನ್ನು ಮನೆಯಲ್ಲಿ ಒತ್ತಲೇಬಾರದು, ಮಿದುಳಿಗೆ ರಕ್ತ ಒಯ್ಯುವ ನಾಳಗಳು ಅಲ್ಲಿವೆ. ಕ್ಷೌರದಂಗಡಿಯಲ್ಲಿ ತಲೆ ಹಿಡಿದು ಲಟಕ್ಕನೆ ನೆಟಿಕೆ ತೆಗೆಸಿಕೊಳ್ಳುವ ಅಭ್ಯಾಸವನ್ನಂತೂ ಇಂದೇ ಬಿಡಬೇಕು. ಹಾಗೆ ತಿರುಚಿದಾಗ ಕುತ್ತಿಗೆಯ ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯು ಆಗುವ ಅಪಾಯ ಅಪರೂಪವಾದರೂ ನಿಜವಾದದ್ದು.

ಹಿಗ್ಗಿಸುವುದು

ಒತ್ತಿ ಬಿಡಿಸಿದ ಸ್ನಾಯುವನ್ನು ಅದೇ ಹೊತ್ತಿನಲ್ಲಿ ಹಿಗ್ಗಿಸಬೇಕು. ಬಲಗಡೆಯ ಟ್ರೆಪೀಜಿಯಸ್ಸಿಗೆ ಹೀಗೆ: ಕುರ್ಚಿಯಲ್ಲಿ ನೆಟ್ಟಗೆ ಕೂತು ಬಲಗೈಯಿಂದ ಕುರ್ಚಿಯ ಅಂಚನ್ನು ಹಿಡಿಯಿರಿ, ಭುಜ ಮೇಲೇಳದಿರಲಿ ಎಂಬುದಕ್ಕೆ ಈ ಹಿಡಿತ. ತಲೆಯನ್ನು ಎಡಕ್ಕೆ ವಾಲಿಸಿ, ಮುಖವನ್ನು ತುಸು ಬಲಕ್ಕೆ ತಿರುಗಿಸಿ, ಎಡಗೈಯ ಭಾರವನ್ನಷ್ಟೇ ತಲೆಯ ಮೇಲೆ ಬಿಡಿ, ಎಳೆಯಬೇಡಿ. 30 ಸೆಕೆಂಡ್, ಮೂರು ಸಲ. ಲೆವೇಟರ್ ಸ್ಕ್ಯಾಪುಲೆಗಾದರೆ ತಲೆಯನ್ನು ಎಡಕ್ಕೆ ಅರ್ಧ ತಿರುಗಿಸಿ ಎಡ ಕಂಕುಳನ್ನು ನೋಡುವಂತೆ ಗದ್ದ ತಗ್ಗಿಸಬೇಕು.

ಹೀಗೆ ಹಿಗ್ಗಿಸುವುದೇ ನೋವಾಗುವಷ್ಟು ಸ್ನಾಯು ಬಿಗಿದಿದ್ದರೆ ಚೆಕ್ ವೈದ್ಯ ಕಾರೆಲ್ ಲೆವಿಟ್ ಪ್ರಚಾರಕ್ಕೆ ತಂದ ಒಂದು ಉಪಾಯವಿದೆ. ಇನ್ನು ಹಿಗ್ಗದು ಎನಿಸುವ ಕೊನೆಯಲ್ಲಿ ನಿಂತು, ಉಸಿರು ಒಳಗೆ ತೆಗೆದುಕೊಳ್ಳುತ್ತ, ಅಡ್ಡ ಇಟ್ಟ ಕೈಯ ವಿರುದ್ಧ ತಲೆಯನ್ನು ಬಹಳ ಮೆತ್ತಗೆ, ಇರುವ ಬಲದ ಐದನೇ ಒಂದು ಭಾಗಕ್ಕಿಂತ ಹೆಚ್ಚಾಗದಂತೆ, 5ರಿಂದ 10 ಸೆಕೆಂಡ್ ಒತ್ತಿ ಹಿಡಿಯಬೇಕು; ಉಸಿರು ಬಿಡುತ್ತ ಸಡಿಲಬಿಟ್ಟರೆ ತಲೆ ತಾನಾಗಿ ಹಿಗ್ಗಿಸುವ ದಿಕ್ಕಿಗೇ ಇನ್ನೊಂದಿಷ್ಟು ವಾಲುತ್ತದೆ. ಅಲ್ಲಿಂದ ಮತ್ತೆ ಶುರು. ಮೂರರಿಂದ ಐದು ಸುತ್ತು. ಇದು ಒಬ್ಬರೇ ಮನೆಯಲ್ಲಿ ಮಾಡಿಕೊಳ್ಳಬಹುದಾದ ಚಿಕಿತ್ಸೆಗಳಲ್ಲಿ ನನ್ನ ಮೆಚ್ಚಿನದು.

ಸೂಜಿ ಮತ್ತು ಯಂತ್ರ

ಕೈಗೆ ಬಗ್ಗದ ಗಂಟಿಗೆ ಡ್ರೈ ನೀಡ್ಲಿಂಗ್ ಮಾಡುತ್ತಾರೆ. ಕೂದಲೆಳೆಗಿಂತ ತುಸು ದಪ್ಪದ, ಔಷಧಿಯಿಲ್ಲದ ಸೂಜಿಯನ್ನು ನೇರ ಗಂಟಿಗೇ ಚುಚ್ಚಿದಾಗ ಸ್ನಾಯು ಒಮ್ಮೆ ಮಿಡುಕುತ್ತದೆ. ಗಾಳಕ್ಕೆ ಮೀನು ಜಗ್ಗಿದ ಹಾಗೆ ಆ ಮಿಡುಕು ಕೈಗೆ ತಿಳಿಯುತ್ತದೆ. ಔಷಧಿಗಿಂತ ಸೂಜಿಯ ಚುಚ್ಚುವಿಕೆಯೇ ಕೆಲಸ ಮಾಡುತ್ತಿದೆಯೆಂದು 1979ರಲ್ಲಿ ಬರೆದು ಈ ವಿಧಾನಕ್ಕೆ ದಾರಿ ತೆರೆದವರೂ ಅದೇ ಲೆವಿಟ್. ಕೆಲವು ವಾರಗಳ ಮಟ್ಟಿಗೆ ನೋವು ತಗ್ಗಿಸುವುದರಲ್ಲಿ ಇದಕ್ಕೆ ಒಳ್ಳೆಯ ಆಧಾರವಿದೆ, ಆದರೆ ಇದೊಂದರಿಂದಲೇ ವರ್ಷಗಟ್ಟಲೆ ನೆಮ್ಮದಿ ಎಂಬ ಜಾಹೀರಾತಿಗೆ ಆಧಾರವಿಲ್ಲ. ಚುಚ್ಚಿದ ಜಾಗ ಒಂದೆರಡು ದಿನ ನೋಯುವುದು ಸಹಜ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ರಕ್ತಸ್ರಾವದ ಕಾಯಿಲೆಯಿರುವವರು, ಗರ್ಭಿಣಿಯರು ಅದನ್ನು ಮೊದಲೇ ತಿಳಿಸಬೇಕು. ಹೆಗಲಿನ ಟ್ರೆಪೀಜಿಯಸ್ ಸ್ನಾಯುವಿನ ಕೆಳಗೆ ಶ್ವಾಸಕೋಶದ ತುದಿ ಇರುವುದರಿಂದ ತರಬೇತಿಯಿಲ್ಲದವರ ಕೈಗೆ ಹೆಗಲು ಕೊಡಬಾರದು. ಸೂಜಿ ಹಾಕಿಸಿಕೊಂಡ ದಿನ ಎದೆಯಲ್ಲಿ ಚುಚ್ಚಿದಂತಾಗಿ ಉಸಿರಾಟ ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮೊಹರು ಮಾಡಿದ ಹೊಸ ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಒಡೆಯಲು ಹೇಳಿ.

ಯಂತ್ರಗಳ ವಿಷಯದಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ನಾನು ಮೊದಲು ಕೆಲಸಕ್ಕೆ ಸೇರಿದ ಕ್ಲಿನಿಕ್ಕಿನಲ್ಲಿ ಬಂದವರಿಗೆಲ್ಲ ಶಬ್ದತರಂಗ ಹಾಯಿಸುವ ಅಲ್ಟ್ರಾಸೌಂಡ್ ಯಂತ್ರದ ತಲೆಯನ್ನು ಜೆಲ್ ಹಚ್ಚಿ ಎಂಟು ನಿಮಿಷ ತಿರುಗಿಸಿ ಕಳಿಸುವುದೇ ಪದ್ಧತಿಯಾಗಿತ್ತು, ನಾನೂ ಎರಡು ವರ್ಷ ಪ್ರಶ್ನಿಸದೆ ತಿರುಗಿಸಿದೆ. ಕುತ್ತಿಗೆಯ ಸ್ನಾಯುನೋವಿಗೆ ಅಲ್ಟ್ರಾಸೌಂಡಿನಿಂದ ಹೆಚ್ಚಿನ ಪ್ರಯೋಜನವಿದೆ ಎನ್ನಲು ಇರುವ ಆಧಾರ ತೀರ ದುರ್ಬಲ. ಟೆನ್ಸ್ ಮತ್ತು ಐಎಫ್‌ಟಿ ಎಂಬ ವಿದ್ಯುತ್ ಚಿಕಿತ್ಸೆಗಳು ಪ್ಯಾಡ್ ಅಂಟಿಸಿಕೊಂಡಿರುವಷ್ಟು ಹೊತ್ತು ಮತ್ತು ಆಮೇಲೆ ಸ್ವಲ್ಪ ಕಾಲ ನೋವನ್ನು ಮರೆಸುತ್ತವೆ. ನೋವಿನ ಭಯದಿಂದ ಕತ್ತು ಆಡಿಸದವರಿಗೆ ವ್ಯಾಯಾಮ ಶುರುಮಾಡಿಸಲು ಅಷ್ಟು ಸಾಕು. ಪೇಸ್‌ಮೇಕರ್ ಇರುವವರಿಗೆ ಇವು ಬೇಡ. ಕತ್ತಿನ ಪಟ್ಟಿಯನ್ನು (ಕಾಲರ್) ವಾರಗಟ್ಟಲೆ ಕಟ್ಟಿಕೊಂಡರೆ ಸ್ನಾಯು ಸೊರಗುವುದರಿಂದ ವೈದ್ಯರು ಹೇಳದ ಹೊರತು ಅದೂ ಬೇಡ.

ಬಲ ತುಂಬುವುದು: ಹೆಚ್ಚಿನವರು ತಪ್ಪಿಸಿಕೊಳ್ಳುವ ಹೆಜ್ಜೆ

ಮೂರನೆಯ ಅಥವಾ ನಾಲ್ಕನೆಯ ಭೇಟಿಯ ಹೊತ್ತಿಗೆ ನೋವು ಅರ್ಧಕ್ಕೆ ಇಳಿದಿರುತ್ತದೆ, ರೋಗಿಯ ಫೋನೂ ಅಲ್ಲಿಗೆ ನಿಲ್ಲುತ್ತದೆ. ಎರಡು ತಿಂಗಳಾದ ಮೇಲೆ ಅದೇ ಗಂಟಿನೊಂದಿಗೆ ಮರಳಿ ಬರುವವರು ಬಹುಪಾಲು ಇವರೇ.

ಮೊದಲು ಕತ್ತಿನ ಒಳಗಿನ, ಮುಂಭಾಗದ ಆಳದ ಸ್ನಾಯುಗಳಿಗೆ ಕೆಲಸ ಕೊಡಬೇಕು. ಅಂಗಾತ ಮಲಗಿ, ತೆಳು ದಿಂಬಿನ ಮೇಲೆ ತಲೆಯಿಟ್ಟು, ಹಿರಿಯರ ಮಾತಿಗೆ ‘ಹೂಂ’ ಎಂದು ತಲೆಯಾಡಿಸುವಷ್ಟೇ ಚಿಕ್ಕದಾಗಿ ಗದ್ದವನ್ನು ಒಳಗೆ ತನ್ನಿ. ತಲೆ ದಿಂಬಿನಿಂದ ಮೇಲೇಳಬಾರದು. ಕತ್ತಿನ ಪಕ್ಕದಲ್ಲಿ ಬೆರಳಿಟ್ಟು ನೋಡಿ, ಅಲ್ಲಿನ ಹೊರಸ್ನಾಯು ಹಗ್ಗದಂತೆ ಉಬ್ಬಿದರೆ ಬಲ ಹೆಚ್ಚಾಯಿತೆಂದು ಅರ್ಥ. 10 ಸೆಕೆಂಡಿನಂತೆ 10 ಸಲ. ಕ್ಲಿನಿಕ್ಕಿನಲ್ಲಿ ಇದನ್ನು ಕತ್ತಿನ ಕೆಳಗೆ ಗಾಳಿಚೀಲವಿಟ್ಟು ಅಳೆಯುತ್ತಾರೆ: 20 ಎಂಎಂ ಪಾದರಸದ ಒತ್ತಡದಿಂದ ಶುರುಮಾಡಿ ಎರಡೆರಡರಂತೆ 30ರವರೆಗೆ ಏರಿಸಿ ಹಿಡಿದಿಡುವುದು ಗುರಿ. ಮಾಪಕದ ಮುಳ್ಳು ಅಲುಗದಂತೆ ಹಿಡಿಯುವುದು ಎಷ್ಟು ಕಷ್ಟವೆಂದು ಜಿಮ್ಮಿನಲ್ಲಿ ಪಳಗಿದ ಹುಡುಗರೂ ಅಲ್ಲಿ ಕಂಡುಕೊಳ್ಳುತ್ತಾರೆ.

ಎರಡನೆಯದು ಹೆಗಲಿಗೆ. ಎಲಾಸ್ಟಿಕ್ ಬ್ಯಾಂಡಿನ ನಡುಭಾಗವನ್ನು ಮೆಟ್ಟಿ ನಿಂತು, ಎರಡೂ ತುದಿ ಹಿಡಿದು, ತೋಳುಗಳನ್ನು ಪಕ್ಕಕ್ಕೆ ಭುಜದ ಎತ್ತರದವರೆಗೆ ನಿಧಾನವಾಗಿ ಎತ್ತಿ ಇಳಿಸುವುದು. 2011ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಒಂದು ಅಧ್ಯಯನದಲ್ಲಿ ಕುತ್ತಿಗೆ, ಭುಜ ನೋಯುತ್ತಿದ್ದ 198 ಕಚೇರಿ ನೌಕರರನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ 2 ನಿಮಿಷ, ಇನ್ನೊಂದಕ್ಕೆ 12 ನಿಮಿಷ ಇಂಥದೇ ಬ್ಯಾಂಡ್ ವ್ಯಾಯಾಮವನ್ನು ವಾರಕ್ಕೆ ಐದು ದಿನದಂತೆ ಹತ್ತು ವಾರ ಮಾಡಿಸಿದರು. ವ್ಯಾಯಾಮವಿಲ್ಲದ ಗುಂಪಿಗೆ ಹೋಲಿಸಿದರೆ ಎರಡೂ ಗುಂಪಿನವರ ನೋವು ಇಳಿದಿತ್ತು. ಸಮಯವಿಲ್ಲ ಎನ್ನುವವರಿಗೆ ನಾನು ಎರಡು ನಿಮಿಷದ ಈ ಲೆಕ್ಕವನ್ನೇ ಹೇಳುವುದು. ಮಿಕ್ಸಿಗೆ ದೋಸೆಹಿಟ್ಟು ಹಾಕಿ ರುಬ್ಬುವಷ್ಟು ಹೊತ್ತೂ ಅಲ್ಲ.

ಊರು ಮತ್ತು ಕತ್ತು

ಮನುಷ್ಯನ ತಲೆ ನಾಲ್ಕೂವರೆಯಿಂದ ಐದು ಕಿಲೋ ತೂಗುತ್ತದೆ, ಐದು ಕಿಲೋ ಅಕ್ಕಿಯ ಚೀಲದಷ್ಟು. ತಗ್ಗಿಸಿದಷ್ಟೂ ಅದನ್ನು ಹಿಡಿದಿಡುವ ಹಿಂಬದಿಯ ಸ್ನಾಯುಗಳ ಹೊರೆ ಏರುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತ ಕಂಪನಿ ಕ್ಯಾಬಿನೊಳಗೆ ಮೊಬೈಲ್ ನೋಡುತ್ತಲೋ, ಕತ್ತು ಜೋತುಬಿಟ್ಟು ತೂಕಡಿಸುತ್ತಲೋ ಕಳೆಯುವ ಹೊತ್ತು ಕಚೇರಿಯ ಕುರ್ಚಿಯಷ್ಟೇ ಹಾನಿ ಮಾಡುತ್ತದೆ. ತೂಕಡಿಸುವವರು ಕತ್ತಿಗೊಂದು ಪ್ರಯಾಣದ ದಿಂಬು ಸುತ್ತಿಕೊಳ್ಳಲಿ, ಇಲ್ಲವೇ ಒಂದು ಟವೆಲ್ ಸುರುಳಿ. ದ್ವಿಚಕ್ರ ಸವಾರರು ಹೆಲ್ಮೆಟ್ಟನ್ನು ದೂಷಿಸುವುದುಂಟು, ಅದನ್ನು ಬಿಡುವ ಮಾತೇ ಇಲ್ಲ. ಬಿಡಬೇಕಾದದ್ದು ಒಂದೇ ಹೆಗಲಿಗೆ ತೂಗಿಸಿದ ಲ್ಯಾಪ್‌ಟಾಪ್ ಚೀಲವನ್ನು ಮತ್ತು ಭುಜಕ್ಕೂ ಕಿವಿಗೂ ನಡುವೆ ಫೋನ್ ಸಿಕ್ಕಿಸಿಕೊಳ್ಳುವುದನ್ನು.

ದಿವಾನದ ಮೇಲೆ ಕಾಲು ಚಾಚಿ ಮನೆಯಿಂದ ಕೆಲಸ ಮಾಡುವವರು ಲ್ಯಾಪ್‌ಟಾಪಿನ ಕೆಳಗೆ ನಾಲ್ಕು ದಪ್ಪ ಪುಸ್ತಕವಿಟ್ಟು ಪರದೆಯ ಮೇಲಂಚನ್ನು ಕಣ್ಣಿನ ಮಟ್ಟಕ್ಕೆ ತಂದು, ಬೇರೆ ಕೀಬೋರ್ಡ್ ಜೋಡಿಸಿಕೊಂಡು, ಮೊಣಕೈ ಊರಲು ಜಾಗ ಮಾಡಿಕೊಂಡರೆ ಅರ್ಧ ಕೆಲಸ ಮುಗಿಯಿತು. ಸರಿಯಾದ ಭಂಗಿಯಲ್ಲೂ ಅರ್ಧ ಗಂಟೆಗಿಂತ ಹೆಚ್ಚು ಅಲುಗದೆ ಕೂರಬೇಡಿ. ಹೂವಿನ ಆ ಅಮ್ಮನಿಗೆ ಕುರ್ಚಿ ಹೇಳಿ ಪ್ರಯೋಜನವಿರಲಿಲ್ಲ, ಪಾದಚಾರಿ ಮಾರ್ಗದಲ್ಲಿ ಅದಕ್ಕೆ ಜಾಗವೆಲ್ಲಿ? ಹೂಬುಟ್ಟಿಯನ್ನು ನೆಲದಿಂದ ಎತ್ತಿ ಒಂದು ಪ್ಲಾಸ್ಟಿಕ್ ಕ್ರೇಟಿನ ಮೇಲಿಟ್ಟರು, ಹತ್ತು ಮೊಳಕ್ಕೊಮ್ಮೆ ಎದ್ದು ನಿಂತು ಭುಜ ಹಿಂದಕ್ಕೆ ತಿರುಗಿಸುವ ಲೆಕ್ಕವಿಟ್ಟುಕೊಂಡರು. ಕಣತಲೆಯ ನೋವು ಬಿಡಲು ಐದು ವಾರ ಹಿಡಿಯಿತು.

ಸಾಮಾನ್ಯವಾಗಿ ವಾರಕ್ಕೆ ಎರಡು ಭೇಟಿಯಂತೆ ಮೂರು ನಾಲ್ಕು ವಾರ ಚಿಕಿತ್ಸೆ ಸಾಕಾಗುತ್ತದೆ. ಆರು ವಾರ ಕಳೆದರೂ ಬದಲಾವಣೆ ಕಾಣದಿದ್ದರೆ ಅದೇ ಚಿಕಿತ್ಸೆಯನ್ನು ಎಳೆಯದೆ ಮರುಪರೀಕ್ಷೆ ಮಾಡಿಸಬೇಕು. ನಿದ್ದೆಗೇಡು, ಥೈರಾಯ್ಡ್ ಕೊರತೆ, ವಿಟಮಿನ್ ಡಿ ಕೊರತೆಗಳನ್ನು ವೈದ್ಯರು ಆಗ ನೋಡುತ್ತಾರೆ. ಒಮ್ಮೆ ಗುಣವಾದ ಗಂಟು ಕೆಲಸದ ಒತ್ತಡದ ವಾರಗಳಲ್ಲಿ ಮತ್ತೆ ತಲೆಯೆತ್ತುವುದುಂಟು. ಆಗ ಗಾಬರಿಯಾಗದೆ ಶಾಖ, ಟೆನಿಸ್ ಚೆಂಡು, ಹಿಗ್ಗಿಸುವುದು, ಬ್ಯಾಂಡ್ ಇವುಗಳನ್ನು ಅದೇ ಕ್ರಮದಲ್ಲಿ ದಿನಕ್ಕೆರಡು ಸಲ ಮಾಡಿ. ಎರಡು ವಾರದಲ್ಲಿ ತಗ್ಗದಿದ್ದರೆ ಮಾತ್ರ ಮತ್ತೆ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ.